ತಣ್ಣಪ್ಪನ ಶನಿವಾರದ ಉತ್ತರ

ಹೊಲಿಗೆಯಕ್ಕ ತಣ್ಣಪ್ಪನನ್ನು ಮೊದಲ ಸಲ ಕಂಡದ್ದು ಅವಳ ಗಂಡ ತೀರಿಕೊಂಡ ದಿನ. ಆಸ್ಪತ್ರೆಯ ಮಹಡಿಯಲ್ಲಿ ಡಾಕ್ಟರಮ್ಮ ಅಳುಕುತ್ತಲೇ ಕೇಳಿದ್ದರು: ಈ ಲಿವರಿನ ಕಾಯಿಲೆ ಯಾಕೆ ಬರುತ್ತದೆಂದು ಹುಡುಕುತ್ತಿದ್ದೇವೆ, ನಿಮ್ಮ ಯಜಮಾನರ ಲಿವರಿನ ಒಂದು ಚೂರು, ಒಂದಿಷ್ಟು ರಕ್ತ ಇಟ್ಟುಕೊಳ್ಳಬಹುದೇ ಎಂದು.

"ಇಟ್ಕೊಳ್ಳಿ," ಎಂದಳು ಅವಳು. "ಆದ್ರೆ ಎಲ್ಲಿ ಇಡ್ತೀರಿ ಅಂತ ನಾನು ನೋಡ್ಬೇಕು."

ಮೈದುನ ಹಣೆ ಚಚ್ಚಿಕೊಂಡ. "ಅತ್ತಿಗೆ, ಅದೇನು ಬಾಡಿಗೆ ಮನೆನಾ, ನೋಡಿ ಒಪ್ಪೋಕೆ?"

"ಅವರು ಇರೋ ಜಾಗ ತಾನೇ," ಎಂದಳು.

ಡಾಕ್ಟರಮ್ಮ ನೆಲಮಾಳಿಗೆಗೆ ಫೋನು ಮಾಡಿದರು. ಹೊರಗೆ ಬಿಸಿಲು ಸುಡುತ್ತಿದ್ದರೂ ಮಂಡಿಯವರೆಗೆ ದಪ್ಪ ಕೋಟು ತೊಟ್ಟ ಕುಳ್ಳನೊಬ್ಬ ಮೇಲೆ ಬಂದ. ಸಂಶೋಧನೆಗೆಂದು ತೆಗೆದಿಟ್ಟ ರಕ್ತವನ್ನೂ ಮಾಂಸದ ಚೂರುಗಳನ್ನೂ ಕೊರೆಯುವ ಚಳಿಯಲ್ಲಿ ಕಾಪಾಡುವುದು ಅವನ ಕೆಲಸ. ಅವನ ಕೈ ತಾಗಿದವರೆಲ್ಲ ಬೆಚ್ಚಿಬೀಳುತ್ತಿದ್ದರಿಂದ ಆಸ್ಪತ್ರೆಯೆಲ್ಲ ಅವನನ್ನು ತಣ್ಣಪ್ಪ ಎಂದೇ ಕರೆಯುತ್ತಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಕೆಳಗೆ ಬೀರುವಿನಷ್ಟು ಎತ್ತರದ ಫ್ರೀಜರುಗಳು ಸಾಲಾಗಿ ಗುಂಯ್‌ಗುಡುತ್ತಿದ್ದವು. ಒಂದರ ಬಾಗಿಲು ತೆರೆದಾಗ ಬಿಳಿ ಹೊಗೆ ಕೆಳಗಿಳಿದು ಅವಳ ಪಾದದ ಮೇಲೆ ಹರಿಯಿತು. ಒಳಗೆ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಕಿರುಬೆರಳಿನಷ್ಟು ಸೀಸೆಗಳು.

"ಇಲ್ಲಿಟ್ಟಿದ್ದು ಇಟ್ಟ ಹಾಗೇ ಇರುತ್ತೆ ಅಕ್ಕ. ಕರಗೋಕೆ ನಾನು ಬಿಡಲ್ಲ."

ಅವಳು ನೋಡುತ್ತಿದ್ದುದು ಅವನ ಕೈಗವಸನ್ನು. ಹೆಬ್ಬೆರಳಿನ ಬಳಿ ಹೊಲಿಗೆ ಬಿಟ್ಟಿತ್ತು. "ಅದನ್ನ ನನಗೆ ಕೊಡು," ಎಂದಳು. "ಹೊಲಿದು ಕೊಡ್ತೀನಿ."

ಕೈಗವಸಿನ ಹಿಂದೆ ಆಸ್ಪತ್ರೆಯ ಕೋಟುಗಳೂ ಅವಳ ಹೊಲಿಗೆ ಯಂತ್ರಕ್ಕೆ ಬಂದವು. ಶನಿವಾರ ಶನಿವಾರ ಗಂಟು ಹೊತ್ತು ತರುವಳು, ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಕೇಳುವಳು.

"ನಮ್ಮ ಯಜಮಾನ್ರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಅಕ್ಕ. ಒಂದು ಮಾತಿಲ್ಲ, ತಕರಾರಿಲ್ಲ."

"ಮನೇಲಿದ್ದಾಗ ಹೀಗಿರ್ಲಿಲ್ಲ ಬಿಡು."

ಇಬ್ಬರೂ ನಗುವರು. ವರ್ಷಗಟ್ಟಲೆ ಇದೇ ಪ್ರಶ್ನೆ, ಇದೇ ಉತ್ತರ. ಆ ಉತ್ತರ ಕೇಳಿಕೊಂಡು ಹೋದ ಮೇಲೇ ಅವಳಿಗೆ ವಾರ ಮುಗಿದಂತೆ ಎಂಬುದು ತಣ್ಣಪ್ಪನಿಗೆ ಗೊತ್ತಿತ್ತು.

ಒಮ್ಮೆ ಸಾಲಾಗಿ ರಜೆ ಬಂತು. ಮಗಳ ಊರಿನ ಬಸ್ಸು ಹಿಡಿಯುವ ಅವಸರದಲ್ಲೇ ಅವನು ಹಳೆಯ ಫ್ರೀಜರಿನ ಬಾಗಿಲ ಸುತ್ತ ಕಟ್ಟಿದ ಮಂಜುಗಡ್ಡೆ ಕೆರೆಯಲು ನಿಂತ. ಬಾಗಿಲು ತೆರೆದಿದ್ದರೆ ಅಲಾರಂ ಕಿರುಚುತ್ತದೆ. ಕೆರೆಯುವಷ್ಟು ಹೊತ್ತು ಅದರ ಬಾಯಿ ಮುಚ್ಚಿಸುವುದು ಅವನ ರೂಢಿ. ಅಂದೂ ಮುಚ್ಚಿಸಿದ. ಕೆರೆದ, ಬಾಗಿಲು ದೂಡಿದ, ಓಡಿದ. ಅಲಾರಂ ಮತ್ತೆ ಹಾಕಲು ಮರೆತ. ರಬ್ಬರಿನ ಅಂಚಿಗೆ ಮಂಜಿನ ಚೂರೊಂದು ಸಿಕ್ಕಿ ಬಾಗಿಲು ಪೂರ್ತಿ ಕಚ್ಚಿರಲೇ ಇಲ್ಲ.

ಹಿಂದಿರುಗಿದಾಗ ನೆಲವೆಲ್ಲ ನೀರು. ಒಂದು ಸೀಸೆ ಎತ್ತಿ ವಾಲಿಸಿದ. ಒಳಗಿನ ರಕ್ತ ಅತ್ತಿಂದಿತ್ತ ಹರಿಯಿತು. ಅಕ್ಕನ ಗಂಡನದೂ ಅದೇ ಫ್ರೀಜರು. ಕರಗಿದ್ದನ್ನು ಬೇರೆ ಇಟ್ಟು ಕೂಡಲೇ ಮೇಲೆ ತಿಳಿಸಬೇಕು, ಹೊಸಬರಿಗೆ ಅವನೇ ಹೇಳಿಕೊಡುತ್ತಿದ್ದ ಪಾಠ ಅದು. ತಣ್ಣಪ್ಪ ನೆಲ ಒರೆಸಿದ. ಬಾಗಿಲು ಒತ್ತಿ ಮುಚ್ಚಿ ಅಲಾರಂ ಹಾಕಿದ. ಮರುದಿನಕ್ಕೆ ಎಲ್ಲವೂ ಕಲ್ಲಿನಂತೆ ಗಟ್ಟಿ. ಕರಗಿ ಮತ್ತೆ ಹೆಪ್ಪುಗಟ್ಟಿದ್ದಕ್ಕೂ ಎಂದೂ ಕರಗದ್ದಕ್ಕೂ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಶನಿವಾರ ಅಕ್ಕ ಬಂದಳು. "ಯಜಮಾನ್ರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ," ಎಂದ. ಉಳಿದರ್ಧ ಹೇಳದೆ ಗಂಟು ಬಿಚ್ಚಲು ಕೂತ.

"ಯಾಕೋ, ಜ್ವರಾನಾ?" ಹಣೆ ಮುಟ್ಟಿ ನೋಡಿದಳು. "ತಣ್ಣಗಿದೆ. ನಿನ್ನ ವಿಷ್ಯದಲ್ಲಿ ಅದನ್ನೂ ನಂಬೋ ಹಾಗಿಲ್ಲ."

ಆಮೇಲೆ ಅವಳ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಸಾಕು, ಅವನು ಯಾವುದೋ ಫ್ರೀಜರಿನೊಳಗೆ ತಲೆ ಹಾಕಿಕೊಂಡೇ ಉತ್ತರ ಕೊಡುತ್ತಿದ್ದ. ಅವಳಾದರೂ ಬಂದು ಕೇಳುತ್ತಿದ್ದಳು. ಉಳಿದ ಸೀಸೆಗಳವರ ಮನೆಮಂದಿ ಕೇಳಲೂ ಬಾರದೆ, ಭದ್ರವಾಗಿದೆ ಎಂದು ನಂಬಿ ಕೂತಿದ್ದರು. ಅನ್ನ ಕಲಸಿ ಹಾಗೇ ಏಳುವುದು ಅವನಿಗೆ ಅಭ್ಯಾಸವಾಯಿತು. ಹೆಂಡತಿ ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದುಕೊಂಡಳು.

ಒಂದು ದಿನ ಡಾಕ್ಟರಮ್ಮ ತಾವೇ ಕೆಳಗೆ ಬಂದರು. ಮುಖದಲ್ಲಿ ಗೆಲುವಿತ್ತು. "ಆ ಹಳೇ ಲಿವರ್ ಸ್ಯಾಂಪಲ್‌ಗಳನ್ನ ಮುಂದಿನ ವಾರ ತೆಗೀತೀವಿ. ಅದರಲ್ಲಿ ಏನು ಸಿಗುತ್ತೋ ಅದನ್ನ ನೋಡಿ ಔಷಧಿ ಕೆಲಸ ಶುರು. ಎಲ್ಲ ಸರಿಯಾಗಿದೆ ತಾನೇ?"

"ಹ್ಞೂಂ ಮೇಡಂ," ಎಂದುಬಿಟ್ಟ.

ಕೆಟ್ಟ ಚೂರು ಸುಳ್ಳು ಹೇಳುತ್ತದೆ, ಆ ಸುಳ್ಳನ್ನು ನಂಬಿ ಔಷಧಿ ಮಾಡುತ್ತಾರೆ, ಅದನ್ನು ಯಾರೋ ನುಂಗುತ್ತಾರೆ. ಇದು ಗೊತ್ತಿದ್ದೂ ಅವನ ಕಾಲು ಮಹಡಿ ಹತ್ತಲಿಲ್ಲ. ಸಂಜೆ ಹೊಲಿಗೆಯಕ್ಕನ ಮನೆಗೆ ನಡೆದ.

ಅವಳು ಕಿಟಕಿಯ ಬಳಿ ಕೂತು ಅವನದೇ ಕೈಗವಸು ಹೊಲಿಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಹೇಳಿದ: ಬಸ್ಸು, ಅಲಾರಂ, ನೆಲದ ನೀರು, ಶನಿವಾರಗಳ ಸುಳ್ಳು. ಒಂದನ್ನೂ ಬಿಡಲಿಲ್ಲ. ಅವಳ ಸೂಜಿ ನಿಂತಿತು.

"ಡಾಕ್ಟರಮ್ಮಂಗೆ ಹೇಳಿದ್ಯಾ?"

"ಇಲ್ಲ ಅಕ್ಕ."

"ಮತ್ತೆ ನನ್ಹತ್ರ ಯಾಕೆ ಬಂದೆ?"

ಅಕ್ಕ ನಾಲ್ಕು ಬೈದು, ಹೋಗಲಿ ಬಿಡು ಎಂದರೆ ಮೇಲೆ ಹೇಳುವ ಕಷ್ಟ ತಪ್ಪೀತೆಂದು ಅವನು ಬಂದಿದ್ದ. ಅದು ಅವಳಿಗೂ ತಿಳಿಯಿತು. ಅವಳು ದಾರ ಕತ್ತರಿಸಿ, ಅರ್ಧ ಹೊಲಿದ ಕೈಗವಸನ್ನು ಅವನ ಕೈಗಿಟ್ಟಳು.

"ಇದನ್ನ ಹೇಳ್ಬೇಕಾದ ಹೊಸ್ತಿಲು ಇದಲ್ಲ ತಮ್ಮ. ಹೋಗು."

ಬೆಳಿಗ್ಗೆ ಅವನು ಮಹಡಿ ಹತ್ತಿ ಹೇಳಿದ. ಡಾಕ್ಟರಮ್ಮ ಕೂಗಾಡಲಿಲ್ಲ, ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆ ಫ್ರೀಜರಿನ ಪೆಟ್ಟಿಗೆಗಳಿಗೆಲ್ಲ ಕೆಂಪು ಚೀಟಿ ಬಿತ್ತು. ಸಣ್ಣಪುಟ್ಟ ಪರೀಕ್ಷೆಗಳಿಗೆ ಬಂದೀತು, ಈ ಔಷಧಿಯ ಕೆಲಸಕ್ಕೆ ಬಾರದು ಎಂದರು. ಸತ್ತವರಿಂದ ಮತ್ತೆ ತರುವಂತಿರಲಿಲ್ಲ; ಕೆಲಸ ಹಿಂದೆ ಬಿತ್ತು. ತಣ್ಣಪ್ಪನನ್ನು ಗೇಟಿನ ಬಳಿ ಪಾರ್ಸೆಲ್ಲು ಇಳಿಸಿಕೊಳ್ಳುವ ಕೆಲಸಕ್ಕೆ ಹಾಕಿದರು. ಕ್ರಮೇಣ ಅವನ ಕೈ ಎಲ್ಲರ ಕೈಯಂತೆ ಬೆಚ್ಚಗಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಅಕ್ಕ ಶನಿವಾರ ಬರುವುದು ಬಿಡಲಿಲ್ಲ. ಗೇಟಿನಲ್ಲಿ ಅವನನ್ನು ಕಂಡರೆ "ಊಟ ಆಯ್ತಾ" ಎನ್ನುವಳು, ಗಂಟು ಹೊತ್ತು ಒಳಗೆ ಹೋಗುವಳು. ಗಂಡನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅದರ ಬದಲು ಬೈದಿದ್ದರೂ ಅವನು ತಡೆದುಕೊಳ್ಳುತ್ತಿದ್ದ.

ಅವನು ನಿವೃತ್ತನಾದದ್ದೂ ಒಂದು ಶನಿವಾರವೇ. ಮಗಳ ಊರಿಗೆ ಹೊರಟು ನಿಂತಿದ್ದ, ಕಂಕುಳಲ್ಲಿ ಚೀಲ, ಚೀಲದಿಂದ ಇಣುಕುವ ಅರ್ಧ ಹೊಲಿದ ಕೈಗವಸು. ಅಕ್ಕ ಗಂಟು ಇಳಿಸಿ ಬರಿಗೈಯಲ್ಲಿ ಹೊರಗೆ ಬರುವವರೆಗೂ ಗೇಟಿನಲ್ಲೇ ಕಾದ.

"ಬಸ್ಸಿಗೆ ಹೊತ್ತಾಗಲ್ವೇನೋ?" ಎಂದಳು ಅವಳು.

"ಹೋದ್ರೆ ಹೋಗ್ಲಿ ಅಕ್ಕ, ಇನ್ನೊಂದು ಬರುತ್ತೆ." ಚೀಲವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. "ಅಷ್ಟು ಶನಿವಾರ ಸುಳ್ಳು ಹೇಳಿದೀನಿ, ನಿಜದ ಉತ್ತರ ಕೊಟ್ಟು ಹೋಗ್ಬೇಕು. ಯಜಮಾನ್ರು ಹೇಗಿದ್ದಾರೆ ಅಂತ ಇನ್ನೊಂದೇ ಒಂದ್ಸಲ ನನ್ನ ಕೇಳ್ತೀರಾ?"