ಕಲಶವಾದ ಘಟ

ಶ್ರೀನಗರದ ಚೂಡಾಮಣಿ ಘಟ ನುಡಿಸುತ್ತಾಳೆ ಎಂದರೆ ನೆಂಟರೆಲ್ಲ ನಗುತ್ತಿದ್ದರು. ಹೆಣ್ಣುಮಕ್ಕಳು ವೀಣೆ ಹಿಡಿಯಬೇಕು, ಮಡಕೆಯನ್ನಲ್ಲ ಎಂಬುದು ಅವರ ನ್ಯಾಯ. ಅವಳು ಯಾರ ಮಾತಿಗೂ ಸೊಪ್ಪು ಹಾಕಿದವಳಲ್ಲ. ತುಂಬು ಬಸುರಿಯಾಗಿದ್ದಾಗಲೂ ಘಟವನ್ನು ಹೊಟ್ಟೆಗೆ ಆನಿಸಿಕೊಂಡು ಸಾಧನೆ ಮಾಡಿದಳು. "ಕೂಸಿಗೆ ಏನಾದ್ರೂ ಆದ್ರೆ?" ಎಂದು ಅತ್ತೆ ಮೀನಾಕ್ಷಮ್ಮ ಗೋಳಾಡಿದರೆ, "ಅದೂ ಒಳಗಿಂದ ಒದ್ದು ತಾಳ ಹಾಕ್ತಿದೆ ಅತ್ತೆ" ಎನ್ನುತ್ತಿದ್ದಳು.

ಎಡವಟ್ಟಾದದ್ದು ಹೆರಿಗೆಯ ನಂತರ, ಗಂಗೆಪೂಜೆಯಂದು. ಬಾಣಂತಿ ನೀರಿಗೆ ಪೂಜೆ ಮಾಡಿ ಕೊಡ ತುಂಬಿಸಿ ತರುವ ದಿನ ಅದು. ಪುರೋಹಿತರು ಬಂದು ಕೂತ ಮೇಲೆ, "ಮಣ್ಣಿನ ಕೊಡವೇ ಆಗ್ಬೇಕು" ಎಂದುಬಿಟ್ಟರು. ಮೀನಾಕ್ಷಮ್ಮನ ಕಣ್ಣಿಗೆ ಬಿದ್ದದ್ದು ಮಂಚದ ಕೆಳಗಿನ ಘಟ. ತೊಳೆದು, ಅರಿಸಿನ ಬಳಿದು, ಕುಂಕುಮ ಇಟ್ಟು ತಂದರು. ನೀರು ತುಂಬಿಸಿ ಸೊಂಟಕ್ಕೇರಿಸಿಕೊಂಡಾಗಲೇ ಚೂಡಾಮಣಿಗೆ ಅದರ ಮೈ ಗುರುತು ಹತ್ತಿದ್ದು. ಅಷ್ಟರಲ್ಲಿ ಮಂತ್ರ ಮುಗಿದಿತ್ತು.

ಅಂದಿನಿಂದ ಘಟ ದೇವರಮನೆಯಲ್ಲಿ ಕಲಶವಾಗಿ ಕೂತಿತು. ಪೂಜೆಯಾದದ್ದನ್ನು ಬಾರಿಸುವುದಿರಲಿ, ಮಡಿಯಿಲ್ಲದೆ ಮುಟ್ಟುವಂತೆಯೂ ಇಲ್ಲ. ರಾಮನವಮಿ ಕಛೇರಿಗೆ ಅವಳು ಒಪ್ಪಿಯಾಗಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದ ಗಂಡ ಸೇತುರಾಮ, "ಇನ್ನೊಂದು ತಂದ್ಕೊಡ್ತೀನಿ ಬಿಡು" ಎಂದ.

"ನಿಮ್ಮಮ್ಮನಿಗೂ ಇನ್ನೊಂದು ಸೊಸೆ ತಂದ್ಕೊಡಿ" ಎಂದಳು. ಹತ್ತು ವರ್ಷ ಅವಳ ಅಂಗೈಗೆ ಪಳಗಿದ ಮಣ್ಣು ಅದು. ಅಂಗಡಿಯಲ್ಲಿ ಸಿಗುತ್ತದೆಯೇ?

ಮನೆ ತಣ್ಣಗಾಗಲೆಂದು ಸೇತುರಾಮ ಭಾನುವಾರ ಎಲ್ಲರನ್ನೂ ಜೆ.ಪಿ. ನಗರದ ವಾದ್ಯಗಳ ಮ್ಯೂಸಿಯಂಗೆ ಕರೆದೊಯ್ದ. ಉರಿಯುವ ಒಲೆಗೆ ತುಪ್ಪ ಸುರಿಯುವುದೆಂದರೆ ಇದೇ. ಐದು ತಿಂಗಳ ಸುಶ್ರುತ ಅಜ್ಜಿಯ ಹೆಗಲ ಮೇಲಿಂದ ತಂಬೂರಿ, ತವಿಲುಗಳನ್ನೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಗಾಜಿನ ಪೆಟ್ಟಿಗೆಯೊಂದರಲ್ಲಿ ಹಳೆಯ ಘಟವಿತ್ತು. ಮೀನಾಕ್ಷಮ್ಮ ಗೆದ್ದವರಂತೆ ನಿಂತರು.

"ನೋಡಿದ್ಯಾ ಚೂಡಾ? ಇಲ್ಲೂ ಎಷ್ಟು ಮರ್ಯಾದೆಯಾಗಿ ಇಟ್ಟಿದಾರೆ. ಯಾರೂ ಮುಟ್ಟಲ್ಲ."

"ಇದನ್ನ ನುಡಿಸ್ತಿದ್ದೋರು ಈಗಿಲ್ಲ ಅತ್ತೆ, ಅದಕ್ಕೇ ಗಾಜಿನೊಳಗಿದೆ. ನಾನಿನ್ನೂ ಬದುಕಿದೀನಿ. ನನ್ನದನ್ನ ಯಾಕೆ ಹೀಗೆ ಕೂರಿಸಿದೀರಾ?"

ಅಕ್ಕಪಕ್ಕದವರು ತಿರುಗಿ ನೋಡಿದರು. ನೋಡಲಿ. ಆ ದನಿಗೆ ಸುಶ್ರುತ ಕಿಟಾರನೆ ಕಿರುಚಿ ಅಳತೊಡಗಿದ. ಅಜ್ಜಿ ತಟ್ಟಿದರು, ಅಪ್ಪ ಕುಣಿಸಿದ, ಗಿಲಕಿ ಆಡಿಸಿದ. ಊಹೂಂ, ನಿಲ್ಲಲಿಲ್ಲ.

ಪಕ್ಕದ ಕೋಣೆಯಲ್ಲಿ ಬಂದವರು ನುಡಿಸಿ ನೋಡಲೆಂದು ಕೆಲವು ವಾದ್ಯಗಳನ್ನು ಇಟ್ಟಿದ್ದರು. ಚೂಡಾಮಣಿ ಚಕ್ಕಳಮಕ್ಕಳ ಹಾಕಿ ಕೂತು, ಅಲ್ಲಿದ್ದ ಘಟವನ್ನು ಹೊಟ್ಟೆಗವಚಿಕೊಂಡು ಬಾರಿಸತೊಡಗಿದಳು. ಬಸುರಿಯಾಗಿದ್ದಾಗ ದಿನವೂ ಸಾಧನೆ ಮಾಡುತ್ತಿದ್ದ ಪಾಠವನ್ನೇ ಎತ್ತಿಕೊಂಡಳು. ಎರಡನೆಯ ಸುತ್ತಿಗೆ ಅಳು ನಿಂತಿತು. ಮೂರನೆಯದಕ್ಕೆ ಮಗು ಅಜ್ಜಿಯ ಹೊಟ್ಟೆಗೆ ಟಪಟಪ ಒದೆಯತೊಡಗಿತು.

"ನಿದ್ದೆ ಬಂದಿರ್ಬೇಕು" ಎಂದರು ಮೀನಾಕ್ಷಮ್ಮ. ಮಗುವಿನ ಕಣ್ಣುಗಳು ಬಟ್ಟಲಿನಷ್ಟು ಅಗಲವಾಗಿದ್ದವು.

ಮನೆಗೆ ಬಂದವಳೇ ಚೂಡಾಮಣಿ ಕೈಕಾಲು ತೊಳೆದು ದೇವರಮನೆಗೆ ನುಗ್ಗಿದಳು. ಯಾರನ್ನೂ ಕೇಳಲಿಲ್ಲ. ಘಟ ಎತ್ತಿ ತಂದು, ನೀರನ್ನು ತುಳಸಿಗೆ ಸುರಿದು ಒಂದು ಪೆಟ್ಟು ಕೊಟ್ಟಳು. ದೊಪ್ಪೆಂದಿತು. ಅಷ್ಟು ದಿನ ನೀರು ಕುಡಿದ ಮಣ್ಣು! ಅಳಲಿಲ್ಲ, ಹಲ್ಲು ಕಚ್ಚಿಕೊಂಡು ಅದನ್ನು ಒಣಗಿಸಲು ತಾರಸಿಗೆ ಹೊತ್ತಳು.

ಮರುದಿನ ಬೆಳಗ್ಗೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಘಟಕ್ಕೆ ಕಾವಲು ಕೂತಳು. ಮೀನಾಕ್ಷಮ್ಮ ಹಪ್ಪಳದ ತಟ್ಟೆ ಹಿಡಿದು ಮೆಟ್ಟಿಲೇರಿ ಬಂದರು. ಬರಲಿ, ಇವತ್ತು ಒಂದು ಇತ್ಯರ್ಥ ಆಗಿಯೇ ಹೋಗಲಿ ಎಂದು ಇವಳು ಸೆರಗು ಬಿಗಿದಳು.

"ರಾಮನವಮಿಗೆ ಇದನ್ನೇ ನುಡಿಸ್ತೀನಿ. ದೇವರಿಗೆ ಕೋಪ ಬಂದ್ರೆ ನನ್ನನ್ನ ಕೇಳ್ಕೊಳ್ಲಿ."

ಮೀನಾಕ್ಷಮ್ಮ ಹಪ್ಪಳ ಹರವಿ ಮುಗಿಸಿ, ಘಟದ ಬಳಿ ಬಗ್ಗಿ ಅದನ್ನು ಮೆಲ್ಲಗೆ ಇನ್ನೊಂದು ಮಗ್ಗುಲಿಗೆ ತಿರುಗಿಸಿದರು.

"ಒಂದೇ ಕಡೆ ಬಿಸಿಲು ಬಿದ್ರೆ ಸೀಳು ಬಿಡತ್ತೆ, ಅಷ್ಟೂ ಗೊತ್ತಿಲ್ವಾ? ಮಗೂನ ಕೊಡಿಲ್ಲಿ."

ಚೂಡಾಮಣಿ ಮಗುವನ್ನು ಕೊಟ್ಟಳು. ಖಾಲಿಯಾದ ಕೈಯಿಂದ ಘಟವನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಅಂಗೈಗೆ ಕುಂಕುಮ ಹತ್ತಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ಹಾಗೇ ಬಾರಿಸಿದಳು.