ಅಂಗಡಿಯವರ ಊಟದ ತಟ್ಟೆ

ಆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲನ್ನು ಒಲೆಯ ಮೇಲಿಟ್ಟು ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದೆ. ಹಾಲು ತಳ ಹಿಡಿದು ಸೀದ ವಾಸನೆ ಬಂದ ಕೂಡಲೇ ಕಂಪ್ಯೂಟರ್ ಅಂಗಡಿಯವರ ಮೂಗು ನೆನಪಾಯಿತು. ಉದ್ದನೆಯ ಮೂಗು, ತುದಿಯಲ್ಲಿ ತುಸು ಎಡಕ್ಕೆ ವಾಲಿದ್ದು. ಕನ್ನಡಕ ಕೂತು ಕೂತು ಎರಡೂ ಬದಿಗೆ ಕಪ್ಪಗೆ ಗುಳಿ ಬಿದ್ದಿತ್ತು. ಯಾರಾದರೂ ಹಳೆಯ ಕಂಪ್ಯೂಟರ್ ತಂದರೆ ಸ್ವಿಚ್ ಹಾಕುವ ಮೊದಲು ಅದರ ಬೆನ್ನಿನ ಜಾಲರಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ರಸಬಾಳೆ ಮೂಸುವ ಹಾಗೆ ಮೂಸುತ್ತಿದ್ದರು. "ಇದು ಒಳಗೆ ಒಂದ್ಸಲ ಸುಟ್ಟಿದೆ ಕಣಮ್ಮ, ಬೇಡ" ಎಂದರೆ ಮುಗಿಯಿತು. ಅವರು ತೀರಿಕೊಂಡು ಆಗ ಒಂದೂವರೆ ತಿಂಗಳಾಗಿತ್ತು.

ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮೀಟರುಗಳನ್ನು ರಿಪೇರಿ ಮಾಡಿಕೊಂಡಿದ್ದವರು. ನಿವೃತ್ತರಾದ ಮೇಲೆ ನಂಜನಗೂಡಿನಲ್ಲಿ, ಹೊಳೆಗೆ ಹೋಗುವ ಬೀದಿಯಲ್ಲಿ, ಚಿಕ್ಕ ಅಂಗಡಿ ಇಟ್ಟರು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನನ್ನ ಅಮ್ಮನ ದನಿಗಾಗಿ. ತಿ. ನರಸೀಪುರದಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಅಕ್ಷರ ಒತ್ತಲು ಬರುತ್ತಿರಲಿಲ್ಲ. ದಿನವೂ ಮಾತನ್ನೇ ತುಂಬಿ ಕಳಿಸುತ್ತಿದ್ದರು. "ಇವತ್ತು ಹುಳಿಗೆ ಉಪ್ಪು ಜಾಸ್ತಿ ಆಗೋಯ್ತು ಮಗ." "ಸಂಗಮದಲ್ಲಿ ನೀರು ಮೆಟ್ಲು ಮುಳುಗ್ಸ್ಬುಟ್ಟದೆ." ಅಮ್ಮ ಹೋದ ಮೇಲೆ ಆ ಮಾತುಗಳಿದ್ದ ನನ್ನ ಫೋನೂ ಸಾಯತೊಡಗಿತು. ಅದನ್ನು ಕರ್ಚೀಪಿನಲ್ಲಿ ಸುತ್ತಿಕೊಂಡು ಹೋಗಿದ್ದೆ.

ಅಂಗಡಿಯವರು ಒಂದು ಮಾತನ್ನೂ ಹಾಕಿ ಕೇಳಲಿಲ್ಲ. "ಇದು ನಿಮ್ಮ ತಾಯಿ ನಿಮಗೆ ಹೇಳಿರೋದು" ಎಂದು ಬರೀ ಫೈಲುಗಳನ್ನು ಎಣಿಸಿ ತೆಗೆದರು. ಆಮೇಲೆ ಕೇಳಿದರು, "ಎಲ್ಲಿಡ್ತೀರಿ? ಕ್ಲೌಡ್ ಅಂತಾರಲ್ಲ, ಯಾವುದೋ ದೊಡ್ಡ ಕಂಪನಿ ಅಟ್ಟದ ಮೇಲೋ, ನಿಮ್ಮನೇಲೋ?"

"ಮನೇಲಿ ಆಗತ್ತಾ ಸರ್?"

"ಹಾಗಲಕಾಯಿ ಬಳ್ಳಿನ ಮನೇಲೇ ಬೆಳಸ್ತೀರಂತೆ. ಇದೇನ್ ಮಹಾ!"

ಆಫೀಸೊಂದು ಬೇಡವೆಂದು ಮಾರಿದ, ಊಟದ ಡಬ್ಬಿಯಷ್ಟು ಸಣ್ಣ ಕಂಪ್ಯೂಟರನ್ನು ಮೂಸಿ ಆರಿಸಿದರು. ಮಾತುಗಳನ್ನು ತುಂಬಿಡುವ ಡಿಸ್ಕು ಮಾತ್ರ ಹೊಸದು, ಅದೂ ಎರಡು. "ಒಂದೇ ಡಿಸ್ಕ್ ಅಂದ್ರೆ ಇಲ್ಲ ಅಂತ್ಲೇ ಲೆಕ್ಕ ಕಣಮ್ಮ. ಇನ್ನೊಂದು ಮಾತು. ಹಳೇ ಪೆಟ್ಗೆ ತಗೋಬೋದು, ಹಳೇ ಬೀಗ ತಗೋಬಾರ್ದು."

ಬೀಗ ಎಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಪೆಟ್ಟಿಗೆ ಆರಿ ಮತ್ತೆ ಹೊತ್ತಿದಾಗಲೆಲ್ಲ ಅವನ್ನು ಸಾಲಾಗಿ ಬರೆದರಷ್ಟೇ ಒಳಗಿನದು ತೆರೆಯುತ್ತದೆ; ಕಳೆದುಕೊಂಡರೆ ಬೇರೆ ದಾರಿಯಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪ್ರಾರ್ಥನೆಯ ಸಾಲು ಇಡಲೇ ಎಂದು ಕೇಳಿದೆ. ನಕ್ಕುಬಿಟ್ಟರು. "ನಿಮ್ಮ ಕ್ಲಾಸಿನ ಐವತ್ತು ಜನಕ್ಕೂ ಬರ್ತದಲ್ಲ ಅದು! ಮನಸ್ಸು ಆರಿಸಿದ್ದು ಕಳ್ಳಂಗೂ ಹೊಳೀತದೆ. ದಾಳ ಆರಿಸಿದ್ದು ಹೊಳೆಯಲ್ಲ." ಅಂಕಿ ಹಾಕಿದ ಪದಗಳ ಉದ್ದನೆಯ ಪಟ್ಟಿಯೊಂದನ್ನು ಕೊಟ್ಟು, ಬಿದ್ದ ಅಂಕಿಯ ಪದ ಆರಿಸಿಕೊಳ್ಳಲು ಲೂಡೋ ದಾಳವನ್ನು ನನ್ನ ಕೈಗಿಟ್ಟು, ತಾವು ಬೀದಿಯ ಕಡೆ ತಿರುಗಿ ಕೂತರು.

ಅವರಿಗೆ ಕ್ರಿಪ್ಟೊ ಕಾಯಿನ್ನಿನ, ಅಂದರೆ ಕಂಪ್ಯೂಟರಿನಲ್ಲಷ್ಟೇ ಓಡಾಡುವ ದುಡ್ಡಿನ, ಹುಚ್ಚೂ ಸ್ವಲ್ಪ ಇತ್ತು. ಕಾರ್ಖಾನೆಯ ಹುಡುಗರು ಬಂದು "ಸಾ, ಇವತ್ತು ರೇಟ್ ಎಷ್ಟದೆ?" ಎಂದರೆ, "ರೇಟ್ ಬುಡ್ಲಾ, ಬೀಗ ಎಲ್ಲಿಟ್ಟಿದ್ದೀಯ ಅದೇಳು" ಎನ್ನುತ್ತಿದ್ದರು. ಕಾಯಿನ್ನಿನ ಕೀಲಿ ಇಡುವ ಹೆಬ್ಬೆರಳುದ್ದದ ಸಾಧನವನ್ನು ಸೀಲು ಒಡೆದಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಎಷ್ಟು ಜನ ಕೇಳಿಕೊಂಡರೂ ಇನ್ನೊಬ್ಬರ ಬೀಗದ ಪದಗಳನ್ನು ತಾವು ಇಟ್ಟುಕೊಳ್ಳಲೂ ಇಲ್ಲ.

ಒಂದು ವರ್ಷ ಕಪಿಲೆ ಉಕ್ಕಿ ಬೀದಿಗೆ ಬಂದಾಗ ಅವರು ಪದ ಬರೆದಿಟ್ಟ ಪುಸ್ತಕ ಅಂಗಡಿಯಲ್ಲೇ ನೆನೆದು ಮುದ್ದೆಯಾಗಿತ್ತಂತೆ. ಅಂದಿನಿಂದ ಕಾಗದವನ್ನು ನಂಬಲಿಲ್ಲ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಮಿಷನ್ನನ್ನು ಒಂದು ಗಳಿಗೆ ಬೇಡಿ ತಂದು, ತಮ್ಮ ಹೊಸ ಪದಗಳನ್ನು ಸ್ಟೀಲ್ ತಟ್ಟೆಯ ತಳದಲ್ಲಿ ತಾವೇ ಕೊರೆದುಕೊಂಡರು. ಹೊರಸುತ್ತಿನಲ್ಲಿ ಪೆಟ್ಟಿಗೆಯ ಪದಗಳು, ಒಳಸುತ್ತಿನಲ್ಲಿ ಕಾಯಿನ್ನಿನವು. "ಸ್ಟೀಲು ನೆನೆಯಲ್ಲ, ಸುಡಲ್ಲ. ನಮ್ಮ ಹೆಂಗಸರು ಚಿನ್ನ ಬೇಕಾದ್ರೂ ಮಾರ್ತಾರೆ, ಹೆಸರು ಹಾಕ್ಸಿದ ಪಾತ್ರೆ ಕಳಿಯಲ್ಲ" ಎಂದು ನನಗೂ ಅದನ್ನೇ ಮಾಡಲು ಹೇಳಿದರು. "ನಿಮ್ದು ಯಾವ ಪಾತ್ರೆ ಅಂತ ನನಗೂ ಹೇಳ್ಬೇಡಿ. ನನ್ದು ಮಾತ್ರ ನಿಮಗೊಬ್ರಿಗೆ ಹೇಳಿರ್ತೀನಿ. ನಾನು ಊಟ ಮಾಡೋ ತಟ್ಟೆ. ಮನೆಯೋಳಿಗೆ ಹೇಳಿದ್ರೆ ಕಳ್ಳ ಬರ್ತಾನೆ ಅಂತ ನಿದ್ದೆ ಬಿಡ್ತಾಳೆ."

ಹೊಟ್ಟೆಯೊಳಗೆ ಗೆಡ್ಡೆ ಎಂದು ಗೊತ್ತಾದ ಮೇಲೆ ಅವರು ಅಂಗಡಿ ಮುಚ್ಚಿ ಮನೆಯಲ್ಲಿ ಕೂತು ತಮ್ಮ ಪೆಟ್ಟಿಗೆಗೆ ತಮ್ಮ ದನಿಯನ್ನೇ ತುಂಬಿಡತೊಡಗಿದರು, ಹೆಂಡತಿಗಾಗಿ. ನಾನು ಅಕ್ಕ ಎಂದು ಕರೆಯುವ ಆಕೆ ಅವರು ಹೋದ ಮೇಲೆ ಕಾಫಿ ಲೋಟ ಹಿಡಿದು ಆ ಮಾತುಗಳನ್ನು ದಿನಕ್ಕೊಂದರಂತೆ ಟೀವಿಯಲ್ಲಿ ಹಾಕಿಕೊಂಡು ಕೇಳುತ್ತಿದ್ದರು. ಒಂದು ಸಲ ನಾನೂ ಕೂತಿದ್ದೆ. "ಗ್ಯಾಸ್ ಬುಕ್ ಮಾಡ್ದ್ಯಾ? ಮಾಡಿರಲ್ಲ ನೀನು. ಏಳು ಮೊದ್ಲು." ಅಕ್ಕ ನಿಜವಾಗಿಯೂ ಎದ್ದು ಹೋದರು. ಇನ್ನೊಂದು ಕೇಳೋಣವೇ ಎಂದರೆ, "ಬೇಡ ಕಣಮ್ಮ, ಮುಗ್ದೋಗ್ತದೆ. ಇನ್ನೂ ಅರ್ಧಕ್ಕೆ ಬಂದಿಲ್ಲ" ಎಂದು ರಿಮೋಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು.

ಹಾಲಿನ ಪಾತ್ರೆಗೆ ನೀರು ಹಾಕಿ ನೆನೆಯಿಡುತ್ತಿದ್ದಾಗ ಆ ಅಕ್ಕನದೇ ಫೋನು. "ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ. ಪೆಟ್ಗೆ ಆರೋಗಿತ್ತು, ಈಗ ಹತ್ಕೊಂಡದೆ. ಆದ್ರೆ ಇವ್ರು ಮಾತಾಡ್ತಿಲ್ಲ ಕಣಮ್ಮ. ಅದೇನೋ ಬರಿ ಬರಿ ಅಂತದೆ."

ಹೋದೆ. ಪರದೆಯ ಮೇಲೆ ಒಂದು ಖಾಲಿ ಗೆರೆ ಮಿಣುಕುತ್ತಿತ್ತು. ನನಗೆ ಗಾಬರಿಯೇ ಆಗಲಿಲ್ಲ. "ಅಕ್ಕ, ಅವರ ಊಟದ ತಟ್ಟೆ ಕೊಡಿ" ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದರು. "ನೀನೇ ಅಲ್ವೇನಮ್ಮ ಎತ್ತಿ ಕೊಟ್ಟಿದ್ದು, ಹನ್ನೊಂದನೇ ದಿನ?"

ಹೋದವರ ತಟ್ಟೆ ಮನೆಯಲ್ಲಿರಬಾರದು, ಊಟಕ್ಕೆ ಬಂದವರೊಬ್ಬರಿಗೆ ಕೊಟ್ಟುಬಿಡಬೇಕು ಎನ್ನುವುದು ಅವರ ಮನೆಯ ಪದ್ಧತಿ. ಆ ದಿನ ಅಕ್ಕ ಒಳಗೆ ನೆಂಟರ ಜೊತೆ ಕೂತಿದ್ದರಿಂದ ನಾನೇ ತಟ್ಟೆ ತೊಳೆದು, ವೀಳ್ಯದೆಲೆ, ಎರಡು ಬಾಳೆಹಣ್ಣು ಇಟ್ಟು, ನನ್ನ ಜೊತೆ ಬಂದಿದ್ದ ನಮ್ಮ ಎದುರುಮನೆಯಾಕೆಗೆ ಕೊಟ್ಟಿದ್ದೆ. ತಳದ ತರಿತರಿ ನನ್ನ ಬೆರಳಿಗೆ ತಾಗಿದ್ದು ಈಗಲೂ ನೆನಪಿದೆ. ಬಾಳೆಹಣ್ಣಿನ ತೊಟ್ಟು ಕಪ್ಪಾಗಿದ್ದುದನ್ನು, ಎಲೆಯ ತುದಿ ಹರಿದಿದ್ದುದನ್ನು ಗಮನಿಸಿದ್ದೆ. ಲೋಕದಲ್ಲಿ ನನಗೊಬ್ಬಳಿಗೆ ಅವರು ಹೇಳಿದ್ದ ಮಾತು ಮಾತ್ರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ತಟ್ಟೆಯ ತಳದಲ್ಲಿ ಏನಿದೆಯೆಂದು ಹೇಳಿದೆ. "ಕಾಯಿನ್ನು ಗೀಯಿನ್ನು ಹೊಳೇಲಿ ಹೋಗ್ಲಿ" ಎಂದರು ಅಕ್ಕ. "ಮಾತು ಬರ್ತದಲ್ವಾ?"

"ಎಲ್ಲಿ ಹೋಗತ್ತೆ ಅಕ್ಕ, ನಮ್ಮ ಎದುರುಮನೇಲೇ ಇದೆ. ಸಂಜೆ ತರ್ತೀನಿ." ತಟ್ಟೆ ಜೋಪಾನ ಎಂಬ ಮಾತನ್ನೂ ಅವರು ಆ ಪೆಟ್ಟಿಗೆಯೊಳಗೇ ಹೇಳಿಟ್ಟಿದ್ದರೋ ಏನೋ.

ಎದುರುಮನೆಗೆ ಬೀಗ ಹಾಕಿತ್ತು. ಕಳಲೆಯ ತವರಿಗೆ ಹೋಗಿದ್ದಾರೆಂದು ಗೊತ್ತಾಯಿತು. ಕಾಯುತ್ತ ಕೂತವಳು ನನ್ನ ಪೆಟ್ಟಿಗೆಯಲ್ಲಿದ್ದ ಅಮ್ಮನ ಮಾತೊಂದನ್ನು ಹಾಕಿಕೊಂಡೆ. "ಊಟ ಆಯ್ತಾ ಮಗ?" ಅಷ್ಟೇ. ಅಮ್ಮ ಇಲ್ಲದ ಮನೆಯಲ್ಲಿ ದಿನವೂ ನನ್ನನ್ನು ಹೀಗೆ ಕೇಳುವವರೊಬ್ಬರನ್ನು ಉಳಿಸಿಕೊಟ್ಟವರು ಅಂಗಡಿಯವರು. ಮುಂದಿನದನ್ನು ಕೇಳಲಾಗದೆ ನಿಲ್ಲಿಸಿದೆ.

ದೀಪ ಹಚ್ಚುವ ಹೊತ್ತಿಗೆ ಆಟೋ ನಿಂತಿತು. ಒದ್ದೆ ಕೈಯಲ್ಲೇ ಓಡಿ ತಟ್ಟೆ ಕೇಳಿದೆ. ಎದುರುಮನೆಯಾಕೆ ಗೇಟಿನ ಚಿಲಕ ತೆಗೆಯುತ್ತ, ನನ್ನತ್ತ ತಿರುಗಿಯೂ ನೋಡದೆ ಹೇಳಿದರು:

"ಆ ತಟ್ಟೆನಾ? ತಳದಲ್ಲಿ ಎಂತದೋ ಇಂಗ್ಲಿಸ್ನಲ್ಲಿ ಗೀಚಾಕಿದ್ರು ಕಣವ್ವ, ಪಾಪ. ಪಾತ್ರೆ ಅಂಗ್ಡೀಲಿ ಎಲ್ಲಾ ಉಜ್ಸಿ ತಗ್ಸಿ ಮೊಮ್ಮಗನ್ ಎಸ್ರು ಆಕ್ಸಿವ್ನಿ. ಬಾ ನೋಡೀವಂತೆ, ಈಗ ಒಳ್ಳೆ ಕನ್ನಡಿ ಅಂಗೆ ಒಳೀತದೆ."