ಹೊಲಿಗೆ ಅಕ್ಕ ಕೇಳಿದ ಜಾಗ

ಅವರ ತುಟಿಗಳ ನಡುವೆ ಯಾವಾಗಲೂ ಮೂರು ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು, ನಗುತ್ತಿದ್ದರು, ಗಂಡನನ್ನು ಗದರಿಸುತ್ತಿದ್ದರು. ಸೂಜಿ ತೆಗೆಯುತ್ತಿದ್ದದ್ದು ಕೊನೆಯ ದಾರವನ್ನು ಹಲ್ಲಿನಿಂದ ಕಡಿಯುವಾಗ ಮಾತ್ರ.

ಮಕ್ಕಳೇ, ನೀವು ಟೈಲರ್ ಆಂಟಿ ಎನ್ನುತ್ತಿದ್ದವರು ಅವರೇ. ನನಗೆ ಹೊಲಿಗೆ ಅಕ್ಕ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಪ್ಪ ನನ್ನನ್ನು ಗಲ್ಫಿನ ಈ ಸಹಮ್‌ಗೆ ಕರೆತಂದಾಗ ಮೊದಲು ಮಾತಾಡಿಸಿದವರು ಎದುರುಮನೆಯ ಈ ಅಕ್ಕ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಹೊಸಬರೆದುರು ನನಗೆ ಮಾತೇ ಹೊರಡುತ್ತಿರಲಿಲ್ಲ.

"ಮಾತು ಬಾರದಿದ್ದರೆ ಬೇಡ ಮಾರಾಯ್ತಿ. ರವಿಕೆಗೆ ಹುಕ್ಕು ಹಾಕ್ಲಿಕ್ಕೆ ಬರ್ತದಲ್ಲ? ಒಳಗೆ ಬಾ" ಎಂದರು.

ಅಂದಿನಿಂದ ದಿನವೂ ಮಧ್ಯಾಹ್ನ ಅವರ ಮೆಷಿನ್ ಪಕ್ಕ ಕೂತು ಹುಕ್ಕು ಹಾಕುವುದು ನನ್ನ ಕೆಲಸವಾಯಿತು. ನಮ್ಮವರು, ಬ್ಯಾರಿಗಳು, ಇಲ್ಲಿಯ ಅರಬ್ಬಿ ಹೆಂಗಸರು ಎಲ್ಲರೂ ಬಟ್ಟೆ ತರುತ್ತಿದ್ದರು. ಎಳೆಮಕ್ಕಳ ಬಟ್ಟೆಯನ್ನು ಮಾತ್ರ ಅಕ್ಕ ಮುಟ್ಟುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ, "ನಾನು ಹೊಲಿದು ಕೊಡುವಷ್ಟರಲ್ಲಿ ನಿಮ್ಮ ಮಗು ಶಾಲೆಗೆ ಹೋಗ್ತದೆ" ಎಂದು ನಗಿಸಿ ಕಳುಹಿಸುತ್ತಿದ್ದರು.

ಅವರ ಗಂಡ ಒಂದು ಗೋದಾಮು ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ. ವಯಸ್ಸಾಗಿ ಕೆಲಸ ಬಿಡುವ ಹೊತ್ತು ಬಂದಿತ್ತು, ವೀಸಾ ಮುಗಿದರೆ ಊರಿಗೆ ಹೋಗಲೇಬೇಕು. ಅದಕ್ಕೆ ಮೊದಲು ಹೆಂಡತಿಗೆ ಒಂದು ದೂರದ ಊರು ತೋರಿಸಬೇಕೆಂದು ಅವರಿಗೆ ಆಸೆ. ನಿಮ್ಮ ಶಾಲೆಯ ರಜೆಯಲ್ಲಿ ನಾವೆಲ್ಲ ಜಪಾನಿಗೆ ಹೊರಟಾಗ ಅವರಿಬ್ಬರೂ ಸೇರಿಕೊಂಡರು.

ಕ್ಯೋಟೋದಲ್ಲಿ ದೇವಸ್ಥಾನಗಳನ್ನು ಸುತ್ತಿದ ದಿನ ನಿಮಗೆ ನೆನಪಿರಬೇಕು. ಬೆಟ್ಟದುದ್ದಕ್ಕೂ ಕೆಂಪು ಕಮಾನುಗಳು, ಅವುಗಳ ಕೆಳಗೆ ನೀವು ಓಡಿದಿರಿ. ಬಾಗಿಲಲ್ಲೇ ನೀರಿನ ಕಲ್ಲಿನ ತೊಟ್ಟಿ, ಅದರ ಮೇಲೆ ಬಿದಿರಿನ ಸೌಟು. ನಾನು ತೀರ್ಥವೆಂದು ಅಂಗೈಗೆ ಹಾಕಿಕೊಂಡು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡೆ. ಗೈಡ್ ಹುಡುಗಿ ಗಾಬರಿಯಿಂದ ಕೈ ಆಡಿಸಿದಳು. ಅದು ಕೈ ತೊಳೆದು ಬಾಯಿ ಮುಕ್ಕಳಿಸುವ ನೀರಂತೆ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು, ನಾನು ತಲೆ ಎತ್ತಲಿಲ್ಲ. ಆಗ ಅಕ್ಕ ಮುಂದೆ ಬಂದು, ಸೌಟು ತುಂಬಿಸಿ, ನನ್ನಂತೆಯೇ ಕುಡಿದು, ನನ್ನಂತೆಯೇ ತಲೆಗೆ ಸವರಿಕೊಂಡರು.

"ಈಗ ಇಬ್ಬರ ಮರ್ಯಾದೆಯೂ ಹೋಯಿತು. ನಡಿ" ಎಂದರು.

ಮಧ್ಯಾಹ್ನದ ಮೇಲೆ ಹೋದದ್ದು ಬುದ್ಧನ ಹಳೆಯ ದೇವಸ್ಥಾನಕ್ಕೆ. ಅದರ ಹಿಂಬದಿಯಲ್ಲಿ ಮೊಣಕಾಲೆತ್ತರದ ಕಲ್ಲಿನ ಮೂರ್ತಿಗಳು ಸಾಲಾಗಿದ್ದವು. ಬೋಳುತಲೆ, ಮುಚ್ಚಿದ ಕಣ್ಣು. ಹಾಲು ಕುಡಿಯುವ ಮಕ್ಕಳ ಎದೆಗೆ ಕಟ್ಟುತ್ತೇವಲ್ಲ, ಅಂಥ ಕೆಂಪು ಬಟ್ಟೆ ಪ್ರತಿಯೊಂದರ ಕುತ್ತಿಗೆಗೂ ಕಟ್ಟಿತ್ತು. ಅಕ್ಕ ಬಗ್ಗಿ ಒಂದರ ಅಂಚನ್ನು ಬೆರಳಲ್ಲಿ ತಿರುವಿ ನೋಡಿದರು.

"ಕೈಹೊಲಿಗೆ. ಹೊಲಿಗೆ ಗೊತ್ತಿಲ್ಲದವರು ಹೊಲಿದದ್ದು."

ದೊಡ್ಡವಳೇ, ನೀನೇ ಗೈಡ್ ಹತ್ತಿರ ಕೇಳಿ ಬಂದು ಹೇಳಿದೆ: "ಅಜ್ಜಿ, ಇದು ಸತ್ತುಹೋದ ಬೇಬಿಗಳಿಗಂತೆ. ಈ ದೇವರು ಅವರನ್ನು ನೋಡ್ಕೊಳ್ತಾನಂತೆ." ಹೇಳಿ ನೀನು ಓಡಿಹೋದೆ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಉಳಿದವರೆಲ್ಲ ಮುಂದೆ ಹೋಗಿದ್ದರು.

"ನನಗೊಂದು ಹೆಣ್ಣು ಹುಟ್ಟಿತ್ತು" ಎಂದರು. "ಸಹಮ್‌ಗೆ ಬಂದ ಎರಡನೇ ವರ್ಷ. ಎರಡೇ ದಿನ ಇತ್ತು. ನಾನು ಜ್ವರದಲ್ಲಿ ಬಿದ್ದಿದ್ದೆ. ಇವರು ಎತ್ತಿಕೊಂಡು ಹೋದರು."

"ಎಲ್ಲಿಗೆ?"

"ಅದೇ ನನಗೆ ಗೊತ್ತಿಲ್ಲ. ಅಷ್ಟು ಸಣ್ಣದನ್ನು ಸುಡ್ಲಿಕ್ಕಿಲ್ಲ, ಎಲ್ಲೋ ಹೂತಿದ್ದಾರೆ. ಆಗ ಎರಡು ಸಲ ಕೇಳಿದೆ. ಖಲಾಸ್, ಆ ಮಾತು ಬಿಡು ಅಂದರು. ಮತ್ತೆ ನಾನು ಕೇಳಲಿಲ್ಲ. ಊರಿಗೆ ಹೋಗುವ ಅಂತ ಇವರು ಹೇಳಿದಾಗೆಲ್ಲ ಬೇಡ ಅಂದವಳು ನಾನೇ. ಅವಳು ಅಲ್ಲೇ ಎಲ್ಲೋ ಇದ್ದಾಳಲ್ಲ."

ನನ್ನ ಕೈ ಹಿಡಿದರು.

"ನಿನ್ನ ಮಗನಿಗೆ ಹೇಳು. ಅವನಿಗೆ ಹತ್ತು ಜನರ ಗುರ್ತ ಉಂಟು, ಹಳಬರು ಯಾರಿಗಾದರೂ ಗೊತ್ತಿರ್ತದೆ. ಹೊರಡುವ ಮೊದಲು ಆ ಜಾಗ ಒಂದು ಸಲ ನೋಡಬೇಕು. ನಾನೇ ಬಾಯಿಬಿಟ್ಟು ಕೇಳಲಾರೆ."

"ಹೇಳ್ತೇನೆ ಅಕ್ಕ" ಎಂದೆ.

ಮರಳಿ ಬಂದಾಗ ಅವರಿಗೆ ಇಲ್ಲಿ ಉಳಿದಿದ್ದದ್ದು ಆರು ವಾರ. ನಾನು ಹೇಳಲಿಲ್ಲ. ಹೆರಿಗೆ, ಸತ್ತ ಮಗು, ಇನ್ನೊಂದು ಮನೆಯ ಗಂಡಹೆಂಡಿರ ವಿಷಯ. ಬೆಳೆದ ಮಗನೊಡನೆ ಹೇಗೆ ಮಾತೆತ್ತುವುದೆಂದು ನನಗೆ ತಿಳಿಯಲಿಲ್ಲ. ಒಮ್ಮೆ ಊಟಕ್ಕೆ ಬಡಿಸುತ್ತ "ಒಂದು ವಿಷಯ" ಎಂದು ಶುರುಮಾಡಿದೆ. ನಿಮ್ಮ ಅಪ್ಪ ಫೋನು ಕೆಳಗಿಟ್ಟು "ಹೇಳಮ್ಮ" ಎಂದ. ನಾನು "ಸಾರಿಗೆ ಉಪ್ಪು ಸಾಕಾ?" ಎಂದು ಕೇಳಿದೆ.

"ಹೇಳಿದೆಯಾ?" ಎಂದು ಅಕ್ಕ ಮೂರು ಸಲ ಕೇಳಿದರು. ಮೂರು ಸಲವೂ ನಾಳೆ ಎಂದೆ. ಆಮೇಲೆ ಅವರು ಕೇಳಲಿಲ್ಲ. ನಾನೂ ಮಧ್ಯಾಹ್ನ ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಹೊರಡುವ ದಿನ ಅವರೇ ರಸ್ತೆ ದಾಟಿ ಬಂದು, ನನ್ನ ಹೆಗಲ ಮೇಲಿನ ಸೆರಗು ಸರಿಮಾಡಿದರು.

"ನೀನು ಹೀಗೇ ಅಂತ ಗೊತ್ತಿದ್ದೂ ನಿನಗೇ ಹೇಳಿದೆ. ತಪ್ಪು ನನ್ನದು" ಎಂದರು. ಚುಚ್ಚಿ ಹೇಳಿದ್ದಲ್ಲ. ನನ್ನ ಮೇಲಿನ ಭಾರ ಇಳಿಸಲು ಹೇಳಿದ್ದು. ಕಾರು ಹತ್ತುವಾಗ ಎಲ್ಲರ ಕಡೆಗೂ ಕೈ ಬೀಸಿದರು.

ಊರು ಸೇರಿದ ನಾಲ್ಕನೆಯ ತಿಂಗಳು ಬಚ್ಚಲಲ್ಲಿ ಬಿದ್ದ ಅಕ್ಕ ಮತ್ತೆ ಏಳಲಿಲ್ಲ. ಸುದ್ದಿ ಬಂದ ದಿನವೇ ನಾನು ನಿಮ್ಮ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಒಂದೇ ಉಸಿರಿಗೆ, ಅಳುತ್ತಾ. ಅವನು "ಇಷ್ಟೇ ಅಲ್ವಾ ಅಮ್ಮ? ಆಗಲೇ ಹೇಳ್ಬಾರ್ದಿತ್ತಾ?" ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಹದಿಮೂರನೆಯ ದಿನ ಕಳೆದ ಮೇಲೆ ಅವನು ನೇರವಾಗಿ ಅಕ್ಕನ ಗಂಡನಿಗೇ ಫೋನು ಮಾಡಿದ. ನಾನು ಪಕ್ಕದಲ್ಲೇ ಕೂತು ಕೇಳಿದೆ.

"ಜಾಗ ನನಗೆ ಗೊತ್ತುಂಟಲ್ಲ" ಎಂದರು ಅವರು. "ವರ್ಷಕ್ಕೊಮ್ಮೆ, ಆ ದಿನ, ನಾನು ಹೋಗಿ ಬರ್ತಿದ್ದೆ. ಅವಳು ಮರೆತಿದ್ದಾಳೆ ಅಂತ ತಿಳಿದಿದ್ದೆ. ನೆನಪು ಮಾಡಿ ಯಾಕೆ ನೋಯಿಸುವುದು ಅಂತ..." ಆ ಮನುಷ್ಯನಿಗೆ ಉಳಿದ ಆಯುಷ್ಯಕ್ಕೆಲ್ಲ ಸಾಲುವಷ್ಟು ನೋವನ್ನು ನಾವು ಆ ದಿನ ಕೊಟ್ಟೆವು.

ಮುಂದಿನ ಶುಕ್ರವಾರ ಬೆಳಿಗ್ಗೆ ಅವರು ಹೇಳಿದ ಗುರುತು ಹಿಡಿದು ನಾವಿಬ್ಬರೂ ಹೋದೆವು. ನಮ್ಮವರ ಸ್ಮಶಾನದ ಗೋಡೆಯ ಹಿಂದೆ ಜಲ್ಲಿಕಲ್ಲಿನ ಬಯಲು, ಒಂದು ಮುಳ್ಳುಮರ. ಅದರಾಚೆ ಎಳೆಮಕ್ಕಳನ್ನು ಹೂತ ಗುರುತಿಗೆ ಸಣ್ಣ ಸಣ್ಣ ಕಲ್ಲುಸಾಲು. ಮೂರನೆಯದರ ಸುತ್ತ ಸಮುದ್ರದ ದಂಡೆಯಿಂದ ತಂದ ಬಿಳಿ ಕಲ್ಲುಗಳನ್ನು ಯಾರೋ ವೃತ್ತವಾಗಿ ಇಟ್ಟಿದ್ದರು. ಅರ್ಧ ಮರಳು ಮುಚ್ಚಿತ್ತು. ನಿಮ್ಮ ಅಪ್ಪ ಕಾರಿನ ಹತ್ತಿರವೇ ನಿಂತ. ನಾನು ಕೂತು ಕೈಯಿಂದ ಮರಳು ಸರಿಸಿದೆ. ಅಕ್ಕ ಕೂರಬೇಕಿದ್ದ ಜಾಗದಲ್ಲಿ ನಾನು ಕೂತಿದ್ದೆ. ಅಲ್ಲಿ ಅಳುವುದಕ್ಕೆ ನನಗೇನು ಹಕ್ಕು ಎಂದು ಅಳಲಿಲ್ಲ.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ನನ್ನಿಂದ ಆಗದ ಕಾಲಕ್ಕೆ, ನೀವು ಈ ದೇಶದಲ್ಲಿದ್ದರೆ, ನೀವು ಹೋಗಿ ಮರಳು ಸರಿಸಿ ಬನ್ನಿ. ಇದನ್ನು ನಿಮ್ಮೆದುರು ಕೂತು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ, ಅದಕ್ಕೆ ಬರೆದೆ. ದಾರಿ ನಿಮ್ಮ ಅಪ್ಪನಿಗೆ ಗೊತ್ತು. ದೂರವೇನಲ್ಲ. ಮೊದಲ ಸಲ ಹೋದಾಗ ಕಾರಿನ ಗಡಿಯಾರ ನೋಡಿಕೊಂಡಿದ್ದೆ. ಅಕ್ಕನ ಬಾಗಿಲಿನಿಂದ ಅಲ್ಲಿಗೆ ಇಪ್ಪತ್ತೈದು ನಿಮಿಷ.